ಅಶ್ಲೀಲ ವಿಡಿಯೊಗಳ ಚಟ: ವಿಶ್ವಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಆರಾಧನೆ ಮುಗಿದು ಎಲ್ಲರೂ ಹೊರಟಮೇಲೆ ದನಿ ತಗ್ಗಿಸಿ ಕೇಳಿದವು. ಕೆಲವು ಹೆಸರಿಲ್ಲದ ಪತ್ರಗಳಲ್ಲಿ ಬಂದವು. 'ನನ್ನ ಸ್ನೇಹಿತನೊಬ್ಬನಿಗೆ ಒಂದು ಸಮಸ್ಯೆ ಇದೆ' ಎಂದು ಶುರುವಾದವೂ ಸಾಕಷ್ಟಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ವೈದ್ಯನಲ್ಲ, ದೇವಶಾಸ್ತ್ರದ ಪಂಡಿತನೂ ಅಲ್ಲ. 11 ವರ್ಷ ಇದೇ ಕೆಸರಿನಲ್ಲಿದ್ದು, ಆಮೇಲೆ ಬೇರೆಯವರ ಜೊತೆ ಕೂತು ಮಾತಾಡುತ್ತ ಬಂದವನು.

## ಮೊದಲು ಕೇಳುವ ಪ್ರಶ್ನೆಗಳು

ಬರೀ ನೋಡೋದು ತಾನೇ? ಯಾರನ್ನೂ ಮುಟ್ಟಿಲ್ಲ, ಯಾರಿಗೂ ಮೋಸ ಮಾಡಿಲ್ಲ. ಇದು ಪಾಪ ಹೇಗಾಗುತ್ತೆ?

ಯೇಸು ಬೆಟ್ಟದ ಮೇಲೆ ಬೋಧಿಸುವಾಗ ಕೈ ಹಾಕಿದ್ದು ಇದೇ ಲೆಕ್ಕಾಚಾರಕ್ಕೆ. 'ಹಾದರ ಮಾಡಬಾರದು' ಎಂಬ ಆಜ್ಞೆಯನ್ನು ಮೈಗೆ ಮಾತ್ರ ಅನ್ವಯಿಸಿಕೊಂಡು ನೆಮ್ಮದಿಯಾಗಿದ್ದವರಿಗೆ, ಕೆಟ್ಟ ಆಸೆಯಿಂದ ನೋಡುವವನು ಆಗಲೇ ಮನಸ್ಸಿನಲ್ಲಿ ಹಾದರ ಮಾಡಿಯಾಯಿತು ಎಂದನು (ಮತ್ತಾಯ 5:28). ಕೈ ಮಾಡದ್ದನ್ನು ಕಣ್ಣು ಮಾಡಿರಬಹುದು.

ಇನ್ನೊಂದು ಮಾತೂ ಇದೆ, ಇದನ್ನು ಯಾಕೋ ನಾವು ಸಭೆಗಳಲ್ಲಿ ಹೇಳುವುದು ಕಡಿಮೆ. ಪರದೆಯ ಮೇಲಿರುವವರೂ ಮನುಷ್ಯರೇ, ದೇವರ ಸ್ವರೂಪದಲ್ಲಿ ಉಂಟಾದವರೇ (ಆದಿಕಾಂಡ 1:27). ಅವರು ಒಪ್ಪಿ ಬಂದರೋ, ಬೆದರಿಕೆಗೆ ಮಣಿದರೋ, ಗುಟ್ಟಾಗಿ ತೆಗೆದ ವಿಡಿಯೊವನ್ನು ಯಾರೋ ಸೇಡಿಗೆ ಹರಿಬಿಟ್ಟರೋ, ನೋಡುವವನಿಗೆ ತಿಳಿಯುವ ದಾರಿಯೇ ಇಲ್ಲ. ಯಾರಿಗೂ ನೋವಾಗಿಲ್ಲ ಎಂದು ಹೇಳಲು ಬೇಕಾದ ಮಾಹಿತಿ ನಮ್ಮ ಹತ್ತಿರ ಇಲ್ಲ.

ಬೈಬಲಿನಲ್ಲಿ ಪೋರ್ನ್ ಅನ್ನೋ ಪದವೇ ಇಲ್ಲವಲ್ಲ?

ಇಂಟರ್ನೆಟ್ಟೂ ಇಲ್ಲ. ಆದರೆ ಪದದ ಬೇರು ಇದೆ. ಹೊಸ ಒಡಂಬಡಿಕೆಯಲ್ಲಿ ನಾವು 'ಜಾರತ್ವ' ಎಂದು ಓದುವ ಕಡೆ ಗ್ರೀಕಿನಲ್ಲಿರುವುದು ಪೊರ್ನೆಯಾ. ಅದೇ ಬಳಗದ, ವೇಶ್ಯೆ ಎಂಬ ಅರ್ಥದ ಪದಕ್ಕೆ ಬರೆಯುವುದು ಎಂಬ ಅರ್ಥದ ಗ್ರಾಫೆಯಿನ್ ಸೇರಿ 'ಪೋರ್ನೋಗ್ರಫಿ' ಆಯಿತು. 'ಜಾರತ್ವದಿಂದ ದೂರ ಓಡಿರಿ' ಎಂದು ಪೌಲನು ಬರೆದದ್ದು (1 ಕೊರಿಂಥ 6:18) ಅದು ಊರ ತುಂಬ ಇದ್ದ ಜನರಿಗೇ.

ಯಾರನ್ನಾದರೂ ನೋಡಿ ಚೆನ್ನಾಗಿದ್ದಾರೆ ಅನ್ನಿಸಿದರೂ ಪಾಪವಾ? ಹಾಗಾದರೆ ನಾನು ದಿನಕ್ಕೆ ನೂರು ಸಲ ಪಾಪ ಮಾಡುತ್ತೇನೆ.

ಇಲ್ಲ. ಮತ್ತಾಯ 5:28ರ ಗ್ರೀಕ್ ವಾಕ್ಯದಲ್ಲಿ 'ಆಶಿಸುವುದಕ್ಕೆಂದೇ ನೋಡುವ' ಎಂಬ ಉದ್ದೇಶದ ಛಾಯೆ ಇದೆ. ಕಣ್ಣಿಗೆ ಬಿದ್ದದ್ದಕ್ಕೂ ಕಣ್ಣು ನೆಟ್ಟದ್ದಕ್ಕೂ ವ್ಯತ್ಯಾಸ ಇದೆ. ಅರಮನೆಯ ಮಾಳಿಗೆಯಿಂದ ದಾವೀದನಿಗೆ ಸ್ನಾನ ಮಾಡುವ ಹೆಂಗಸು ಕಂಡಳು. ಅಷ್ಟಕ್ಕೇ ಒಳಗೆ ಹೋಗಿದ್ದರೆ 2 ಸಮುವೇಲ 11ನೆಯ ಅಧ್ಯಾಯವೇ ಇರುತ್ತಿರಲಿಲ್ಲ. ಅವನು ಆಕೆ ಯಾರೆಂದು ವಿಚಾರಿಸಲು ಆಳು ಕಳಿಸಿದ. ನಮ್ಮ ಕಾಲಕ್ಕೆ ಹೇಳುವುದಾದರೆ, ಸರ್ಚ್ ಬಾಕ್ಸಿನಲ್ಲಿ ಟೈಪ್ ಮಾಡಿದ.

ಆಕರ್ಷಣೆಯನ್ನೇ ಪಾಪ ಎಂದುಕೊಂಡವರು ಎರಡು ರೀತಿ ಹಾಳಾಗುತ್ತಾರೆ. ಒಬ್ಬರು ತಮ್ಮ ದೇಹವನ್ನೇ ದ್ವೇಷಿಸತೊಡಗುತ್ತಾರೆ. ಇನ್ನೊಬ್ಬರು 'ಹೇಗೂ ಪಾಪ ಆಗಿದೆ, ಇನ್ನೂ ಸ್ವಲ್ಪ ನೋಡಿದರೆ ಏನಂತೆ' ಎಂದು ಮುಂದುವರಿಯುತ್ತಾರೆ.

ನನ್ನದು ಚಟವೋ, ಬರೀ ಕೆಟ್ಟ ಅಭ್ಯಾಸವೋ? ಗೊತ್ತಾಗೋದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲೈಂಗಿಕ ತುಡಿತವನ್ನು ತಡೆಯಲಾಗದೆ ಅದೇ ನಡವಳಿಕೆಗೆ ಮತ್ತೆ ಮತ್ತೆ ಮರಳುವ ಸ್ಥಿತಿಯನ್ನು ಅದು ಒಂದು ಕಾಯಿಲೆಯೆಂದು ಗುರುತಿಸಿದೆ. ಅಲ್ಲಿನ ಗುರುತುಗಳು ಹೀಗೆ: ಕೆಲಸ, ಆರೋಗ್ಯ, ಸಂಬಂಧಗಳು ಹಾಳಾಗುತ್ತಿದ್ದರೂ ಬಿಡಲಾಗದು, ಬಿಡಲು ಹಲವು ಸಲ ಪ್ರಯತ್ನಿಸಿ ಸೋತಿರಬಹುದು, ಈಗ ಅದರಿಂದ ಸುಖ ಸಿಗದಿದ್ದರೂ ಮಾಡುತ್ತಲೇ ಇರಬಹುದು, ಇದು ಸುಮಾರು 6 ತಿಂಗಳಾದರೂ ನಡೆದಿರಬೇಕು. ಸಂಸ್ಥೆ ಇದನ್ನು ಕುಡಿತ, ಜೂಜಿನಂಥ ಚಟಗಳ ಸಾಲಿನಲ್ಲಿ ಸೇರಿಸಿಲ್ಲ, ತುಡಿತ ನಿಯಂತ್ರಣದ ತೊಂದರೆಗಳಲ್ಲಿ ಇಟ್ಟಿದೆ. ಇದು ಚಟವೋ ಅಲ್ಲವೋ ಎಂಬ ತಜ್ಞರ ವಾದ ಇನ್ನೂ ಮುಗಿದಿಲ್ಲ. ನಾನು ಇಲ್ಲಿ 'ಚಟ' ಎಂದು ಬರೆಯುವುದು ನಾವು ಆಡುವ ಮಾತಿನಲ್ಲಿ.

ಅದೇ ವರ್ಗೀಕರಣದಲ್ಲಿ ಇನ್ನೊಂದು ಸಾಲಿದೆ, ವಿಶ್ವಾಸಿಗಳು ಗಮನಿಸಬೇಕಾದದ್ದು: ಸಂಕಟವೆಲ್ಲ ನೈತಿಕ ಅಸಮ್ಮತಿಯಿಂದಲೇ ಹುಟ್ಟಿದ್ದಾದರೆ ಅಷ್ಟಕ್ಕೇ ಅದನ್ನು ಕಾಯಿಲೆ ಎನ್ನಲಾಗದು. ತಿಂಗಳಿಗೊಮ್ಮೆ ಬಿದ್ದು 'ನಾನು ಅಡಿಕ್ಟ್' ಎಂದು ಹಣೆಪಟ್ಟಿ ಕಟ್ಟಿಕೊಳ್ಳುವವರನ್ನು ನಾನು ತುಂಬ ನೋಡಿದ್ದೇನೆ. ನಿಮ್ಮದು ಕಾಯಿಲೆ ಅಲ್ಲದಿರಬಹುದು, ಪಾಪ ಮಾತ್ರ ಆಗಿರಬಹುದು. ಪಾಪಕ್ಕೆ ಮದ್ದು ಬೇರೆ.

ನಿಜವಾಗಿ ರಕ್ಷಣೆ ಹೊಂದಿದ್ದರೆ ಇದರಲ್ಲಿ ಬೀಳುತ್ತಿದ್ದೆನಾ? ನನ್ನ ದೀಕ್ಷಾಸ್ನಾನವೇ ಸುಳ್ಳಾಯಿತಾ?

'ನಾನು ಇಚ್ಛಿಸುವುದನ್ನು ಮಾಡದೆ, ದ್ವೇಷಿಸುವುದನ್ನೇ ಮಾಡುತ್ತೇನೆ' ಎಂಬ ಸಂಕಟ ರೋಮಾಪುರದವರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿದೆ. ಪೌಲನು ಅಲ್ಲಿ ತನ್ನ ಹಳೆಯ ಬದುಕನ್ನು ಹೇಳುತ್ತಿದ್ದಾನೋ ಆಗಿನದನ್ನೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅದು ಹೇಗಾದರೂ ಇರಲಿ, ಮುಂದಿನ ಅಧ್ಯಾಯ ಶುರುವಾಗುವುದೇ ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯ ಇಲ್ಲ ಎಂಬ ಮಾತಿನಿಂದ. ನಿಮ್ಮ ಒಳಗೆ ಜಗಳ ನಡೆಯುತ್ತಿದೆ ಎಂದರೆ ಜಗಳ ಆಡುವವನೊಬ್ಬ ಅಲ್ಲಿ ಇದ್ದಾನೆ. ಯಾವ ಚಡಪಡಿಕೆಯೂ ಇಲ್ಲದೆ 'ಕೃಪೆ ಇದೆಯಲ್ಲ' ಎಂದು ನಗುವವನ ಬಗ್ಗೆ ನನಗೆ ಹೆಚ್ಚು ಭಯ.

## ಹೊರಬರುವ ದಾರಿ

ಎಷ್ಟು ಪ್ರಾರ್ಥಿಸಿದರೂ ಹೋಗುತ್ತಿಲ್ಲ. ದೇವರು ಈ ಆಸೆಯನ್ನು ಯಾಕೆ ತೆಗೆದುಹಾಕೋದಿಲ್ಲ?

ಪ್ರಾಚೀನ ಸಭೆಯ ದೊಡ್ಡ ಬೋಧಕ ಆಗಸ್ಟೀನನ ಕಥೆ ಇಲ್ಲಿ ನೆನಪಾಗುತ್ತದೆ. ಯೌವನದಲ್ಲಿ ಅವನೂ ಪರಿಶುದ್ಧತೆಗಾಗಿ ಪ್ರಾರ್ಥಿಸಿದ್ದ, ಆದರೆ ಈಗಲೇ ಬೇಡ ಎಂಬ ಷರತ್ತಿನ ಮೇಲೆ. ದೇವರು ಬೇಗ ಕೇಳಿಬಿಟ್ಟರೆ ಎಂಬ ಹೆದರಿಕೆ ತನಗಿತ್ತೆಂದು ಅವನೇ ಒಪ್ಪಿಕೊಂಡಿದ್ದಾನೆ. 386ರಲ್ಲಿ, ಮಿಲಾನಿನ ತೋಟವೊಂದರಲ್ಲಿ ಅಳುತ್ತ ಕೂತಿದ್ದಾಗ ಪೌಲನ ಪತ್ರ ತೆರೆದು ಓದಿ ಅವನು ತಿರುಗಿದ್ದು. ಆಗ ಕಣ್ಣಿಗೆ ಬಿದ್ದದ್ದು ರೋಮಾಪುರ 13:13-14: ಕರ್ತನಾದ ಯೇಸು ಕ್ರಿಸ್ತನನ್ನು ಧರಿಸಿಕೊಳ್ಳಿರಿ, ಶರೀರದ ಆಸೆಗಳನ್ನು ಪೂರೈಸಲು ಏರ್ಪಾಡು ಮಾಡಿಕೊಳ್ಳಬೇಡಿರಿ.

ಆ 'ಏರ್ಪಾಡು' ಎಂಬ ಮಾತಿಗೆ ಬನ್ನಿ. ನಾನು ವರ್ಷಗಟ್ಟಲೆ ರಾತ್ರಿ ಮಂಡಿಯೂರಿ ಅತ್ತು ಪ್ರಾರ್ಥಿಸಿದ್ದೇನೆ, ಎದ್ದು ಫೋನನ್ನು ದಿಂಬಿನ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗಿದ್ದೇನೆ. ಪ್ರಾರ್ಥನೆ ಒಂದು ಕಡೆ, ಏರ್ಪಾಡು ಇನ್ನೊಂದು ಕಡೆ. ದೇವರು ಆಸೆಯನ್ನು ಒಂದೇ ರಾತ್ರಿ ಕಿತ್ತುಹಾಕಿದ ಸಾಕ್ಷಿಗಳು ಇವೆ, ಅವನ್ನು ಅಲ್ಲಗಳೆಯುವುದಿಲ್ಲ. ಆದರೆ ಕೊರಿಂಥದವರಿಗೆ ಪೌಲನು ಕೊಟ್ಟ ವಾಗ್ದಾನದಲ್ಲಿ (1 ಕೊರಿಂಥ 10:13) ಶೋಧನೆಯೇ ಬರದು ಎಂದಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ದೇವರು ಸಿದ್ಧಮಾಡುವನು ಎಂದಿದೆ. ದಾರಿ ಎಂದಮೇಲೆ ನಡೆಯಬೇಕಾದವರು ನಾವೇ.

ದೇವರ ಹತ್ತಿರ ಹೇಳಿಕೊಂಡಿದ್ದೇನೆ, ಕ್ಷಮೆ ಕೇಳಿದ್ದೇನೆ. ಇದು ನನಗೂ ದೇವರಿಗೂ ಬಿಟ್ಟದ್ದು. ಮನುಷ್ಯರಿಗೆ ಯಾಕೆ ಹೇಳಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

1 ಯೋಹಾನ 1:9 ನಮಗೆಲ್ಲ ಬಾಯಿಪಾಠ: ಪಾಪಗಳನ್ನು ಒಪ್ಪಿಕೊಂಡರೆ ಆತನು ಕ್ಷಮಿಸುವನು. ಯಾಕೋಬ 5:16 ಅಷ್ಟು ಬಾಯಿಪಾಠ ಇಲ್ಲ: ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಸ್ವಸ್ಥರಾಗುವಂತೆ ಪ್ರಾರ್ಥಿಸಿರಿ. ಮೊದಲನೆಯದರಲ್ಲಿ ಕ್ಷಮೆ, ಎರಡನೆಯದರಲ್ಲಿ ಸ್ವಸ್ಥತೆ. ಕ್ಷಮೆ ಸಿಕ್ಕಿಯೂ ಸ್ವಸ್ಥತೆ ಇಲ್ಲದೆ ಒದ್ದಾಡುವವರು ಬಹುಪಾಲು ಎರಡನೆಯ ವಚನವನ್ನು ಹಾರಿಸಿ ಓದಿದವರು. ನಾನೂ ಹಾಗೇ ಓದಿದ್ದೆ.

ಈ ಚಟಕ್ಕೆ ಆಹಾರ ಕಾಮ ಮಾತ್ರ ಅಲ್ಲ, ಗುಟ್ಟು. ಬಾಗಿಲು ಹಾಕುವುದು, ಇನ್‌ಕಾಗ್ನಿಟೊ ತೆರೆಯುವುದು, ಹಿಸ್ಟರಿ ಅಳಿಸುವುದು, ಏನೂ ಆಗದವರ ಹಾಗೆ ಹೊರಬಂದು ಪ್ರಾರ್ಥನೆಯ ಗುಂಪಿಗೆ ವಚನ ಕಳಿಸುವುದು. ಹೀಗೆ ಒಳಗೊಬ್ಬ, ಹೊರಗೊಬ್ಬ ಬೆಳೆಯುತ್ತಾರೆ. ಹೊರಗಿನವನನ್ನು ಜನ ಪ್ರೀತಿಸಿದಷ್ಟೂ ಒಳಗಿನವನು ಹಸಿಯುತ್ತಾನೆ, ಯಾಕೆಂದರೆ ಆ ಪ್ರೀತಿ ಅವನಿಗೆ ತಲುಪುವುದೇ ಇಲ್ಲ. 'ಇವರಿಗೆ ನಿಜ ಗೊತ್ತಾದರೆ' ಎಂಬ ಒಂದು ಮಾತು ಎಲ್ಲ ಮೆಚ್ಚುಗೆಯನ್ನೂ ತಡೆದು ನಿಲ್ಲಿಸುತ್ತದೆ. ಆ ಹಸಿವನ್ನು ತಣಿಸಲು ಅವನಿಗೆ ಗೊತ್ತಿರುವುದು ಒಂದೇ ಜಾಗ.

ದಾವೀದನ 32ನೆಯ ಕೀರ್ತನೆ ಇದನ್ನು ಮೂಳೆಯ ಮಟ್ಟಕ್ಕೆ ಇಳಿಸಿ ಹೇಳುತ್ತದೆ: ಅರಿಕೆ ಮಾಡದೆ ಸುಮ್ಮನಿದ್ದಾಗ ಎಲುಬುಗಳು ಸವೆದುಹೋದವು, ಬೇಸಿಗೆಯ ಬಿಸಿಲಿಗೆ ಸಾರವೆಲ್ಲ ಬತ್ತಿತು. ಮಾಳಿಗೆಯಿಂದ ಕಂಡ ಆ ಹೆಂಗಸು, ಬತ್ಷೆಬೆಯ ವಿಷಯದಲ್ಲಿ ದಾವೀದನು ಮಗು ಹುಟ್ಟುವ ತನಕ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಧರ್ಮಶಾಸ್ತ್ರ ಗೊತ್ತಿತ್ತು, ದೇವರೂ ಗೊತ್ತಿದ್ದ. ಆದರೂ ನಾತಾನ ಎಂಬ ಮನುಷ್ಯನೊಬ್ಬ ಎದುರಿಗೆ ಬಂದು ನಿಂತಮೇಲೆಯೇ 'ನಾನು ಪಾಪಮಾಡಿದ್ದೇನೆ' ಎಂಬ ಮಾತು ಬಂದದ್ದು. 1935ರಲ್ಲಿ ಶುರುವಾದ ಕುಡುಕರ ಸಹಾಯ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ 12 ಹೆಜ್ಜೆಗಳಲ್ಲಿ 5ನೆಯದನ್ನು ಹೀಗೇ ಇಟ್ಟಿದೆ: ತಪ್ಪುಗಳನ್ನು ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದು. ಕಥೋಲಿಕ ಸಂಪ್ರದಾಯದವರಿಗೆ ಗುರುಗಳ ಮುಂದೆ ಕೂತು ಪಾಪ ಹೇಳಿಕೊಳ್ಳುವ ಪಾಪನಿವೇದನೆ ಇದೆ. ಉಳಿದ ನಾವು ಆ ಪೀಠವನ್ನು ತೆಗೆದುಹಾಕಿದ್ದು ಸರಿಯೋ ತಪ್ಪೋ, ಅದರ ಜಾಗದಲ್ಲಿ ಏನನ್ನೂ ಇಡದೆ ಹೋದದ್ದಂತೂ ನಷ್ಟವೇ.

ಯಾರಿಗೆ ಹೇಳಲಿ? ಪಾಸ್ಟರಿಗೆ ಹೇಳಿದರೆ ಮುಂದಿನ ಭಾನುವಾರದ ಪ್ರಸಂಗದಲ್ಲಿ ನಾನೇ ಉದಾಹರಣೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಒಬ್ಬರು ನಂಬಿ ಹೇಳಿಕೊಂಡದ್ದು 'ಪ್ರಾರ್ಥನಾ ವಿಷಯ'ವಾಗಿ ಮೂರು ಮನೆ ದಾಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಪದವಿ ನೋಡಿ ಹೇಳಬೇಡಿ, ಬಾಯಿ ನೋಡಿ ಹೇಳಿ. ಬೇರೆಯವರ ಗುಟ್ಟನ್ನು ನಿಮ್ಮ ಮುಂದೆ ಆಡುವವನು ನಿಮ್ಮದನ್ನೂ ಆಡುತ್ತಾನೆ. ಗಂಡಸರು ಗಂಡಸಿಗೆ, ಹೆಂಗಸರು ಹೆಂಗಸಿಗೆ ಹೇಳುವುದು ಕ್ಷೇಮ. ಅದೇ ಚಟದಲ್ಲಿ ಈಗ ಮುಳುಗಿರುವವನನ್ನು ಆರಿಸಿಕೊಳ್ಳಬೇಡಿ. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಂಡು ಅಲ್ಲೇ ಕೂರುತ್ತೀರಿ. ಒಂದೆರಡು ವರ್ಷ ಮುಂದೆ ನಡೆದವನು ಸಿಕ್ಕರೆ ಒಳ್ಳೆಯದು.

ಹೇಳುವಾಗ ಸುತ್ತಿ ಬಳಸಿ ಹೇಳಬೇಡಿ. 'ಆತ್ಮಿಕವಾಗಿ ಸ್ವಲ್ಪ ಬಲಹೀನನಾಗಿದ್ದೇನೆ' ಎಂದರೆ ಅವರು ತಲೆಯಾಡಿಸಿ ಪ್ರಾರ್ಥನೆ ಮಾಡಿ ಹೋಗುತ್ತಾರೆ. 'ಅಣ್ಣಾ, ನಾನು ಅಶ್ಲೀಲ ವಿಡಿಯೊ ನೋಡುತ್ತೇನೆ. ವಾರಕ್ಕೆ ಇಷ್ಟು ಸಲ. ಇಷ್ಟು ವರ್ಷದಿಂದ. ಕೊನೆಯ ಸಲ ಮೊನ್ನೆ ರಾತ್ರಿ. ಪ್ರತಿ ವಾರ ನೀವು ನನ್ನನ್ನು ಕೇಳಬೇಕು' ಎನ್ನಿ. ದೃಶ್ಯಗಳ ವರ್ಣನೆ ಬೇಡ.

'ಕಣ್ಣನ್ನು ಕಿತ್ತು ಬಿಸಾಡು' ಎಂದು ಯೇಸು ಹೇಳಿದ್ದಾನಲ್ಲ. ಸ್ಮಾರ್ಟ್‌ಫೋನ್ ಬಿಟ್ಟುಬಿಡಬೇಕಾ?

ಅಕ್ಷರಾರ್ಥಕ್ಕೆ ಹೋಗುವ ಅಪಾಯ ಸಭೆಗೆ ಮೊದಲಿನಿಂದ ಗೊತ್ತು. 3ನೆಯ ಶತಮಾನದ ಕ್ರೈಸ್ತ ಪಂಡಿತ ಓರಿಗನ್ ಯೌವನದಲ್ಲಿ ತನ್ನನ್ನೇ ನಪುಂಸಕನನ್ನಾಗಿ ಮಾಡಿಕೊಂಡನೆಂದು ಇತಿಹಾಸಕಾರ ಯೂಸೇಬಿಯಸ್ ಬರೆದಿದ್ದಾನೆ. 325ರ ನೈಸಿಯಾ ಮಹಾಸಭೆ ತನ್ನ ಮೊದಲನೆಯ ನಿಯಮದಲ್ಲೇ, ಆರೋಗ್ಯವಂತನಾಗಿದ್ದೂ ಹಾಗೆ ಮಾಡಿಕೊಂಡವನು ಸಭಾಸೇವೆಯಲ್ಲಿ ಇರಕೂಡದು ಎಂದಿತು. ಯೇಸು ಹೇಳಿದ್ದು ಬಲಗಣ್ಣು; ಎಡಗಣ್ಣಿಗೂ ಆಸೆಪಡಲು ಬರುತ್ತದೆ ಎಂದು ಕೇಳುಗರಿಗೆ ಗೊತ್ತಿತ್ತು. ಬೆಲೆಬಾಳುವ ವಸ್ತುವಾದರೂ ಬೀಳಿಸುವುದಾದರೆ ಬಿಡು ಎಂಬುದು ಅದರ ತಿರುಳು.

ಕೆಲವರಿಗೆ ಆ ವಸ್ತು ನಿಜಕ್ಕೂ ಸ್ಮಾರ್ಟ್‌ಫೋನೇ. ಆರು ತಿಂಗಳು ಬಟನ್ ಫೋನಿಗೆ ಇಳಿದು ಗೆದ್ದವರಿದ್ದಾರೆ. ಎಲ್ಲರಿಗೂ ಅದು ಸಾಧ್ಯವಿಲ್ಲ, ಹಾಗಾಗಿ ಕನಿಷ್ಠ ಇಷ್ಟು: ಮಲಗುವ ಕೋಣೆಗೆ ಮತ್ತು ಬಚ್ಚಲಿಗೆ ಫೋನ್ ಹೋಗಕೂಡದು. ಎಚ್ಚರಿಸಲು ಅಲಾರಾಂ ಗಡಿಯಾರ ಬೇರೆ ಇರಲಿ. ಅಶ್ಲೀಲ ತಾಣಗಳನ್ನು ತಡೆಯುವ ಫಿಲ್ಟರ್ ಹಾಕಿಸಿ, ಪಾಸ್‌ವರ್ಡ್ ನಿಮ್ಮ ಸ್ನೇಹಿತನ ಹತ್ತಿರ ಇರಲಿ. ಚಿಕ್ಕ ವಿಡಿಯೊಗಳ ಆಪ್‌ಗಳಲ್ಲಿ ಜಾರಿಕೆ ಶುರುವಾಗುತ್ತಿದ್ದರೆ ಅದನ್ನು ತೆಗೆಯಿರಿ. ಹೆಚ್ಚಿನವರು ನೇರವಾಗಿ ಪೋರ್ನ್ ತಾಣಕ್ಕೆ ಹೋಗುವುದಿಲ್ಲ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಯಾವ ಫಿಲ್ಟರನ್ನಾದರೂ ದಾಟಬಹುದು, ಒಪ್ಪುತ್ತೇನೆ. ದಾಟಲು ಬೇಕಾದ ಐದು ನಿಮಿಷದಲ್ಲಿ ಮನಸ್ಸು ತಿರುಗಲು ಅವಕಾಶ ಸಿಗುತ್ತದೆ, ಅದರ ಉಪಯೋಗ ಅಷ್ಟೇ.

ಆಸೆ ಉಕ್ಕಿ ಬಂದ ಆ ಹೊತ್ತಿನಲ್ಲಿ ಏನು ಮಾಡಲಿ? ಪ್ರಾರ್ಥನೆಯೇ ಬಾಯಿಗೆ ಬರೋದಿಲ್ಲ.

ಎದ್ದು ಆ ಕೋಣೆಯಿಂದ ಹೊರಗೆ ಹೋಗಿ. ಪೋಟೀಫರನ ಹೆಂಡತಿ ಬಟ್ಟೆ ಹಿಡಿದಾಗ ಯೋಸೇಫನು ಮಂಡಿಯೂರಲಿಲ್ಲ, ವಾದಿಸಲಿಲ್ಲ; ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದ (ಆದಿಕಾಂಡ 39:12). ಸತ್ಯವೇದ ಸೈತಾನನನ್ನು ಎದುರಿಸಿ ನಿಲ್ಲು ಎನ್ನುತ್ತದೆ, ಜಾರತ್ವದ ವಿಷಯಕ್ಕೆ ಬಂದಾಗ ಓಡು ಎನ್ನುತ್ತದೆ. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ತುಡಿತ ಅಲೆಯ ಹಾಗೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ. ಏರುವಾಗ ಮಾತ್ರ ಇದಕ್ಕೆ ಕೊನೆಯೇ ಇಲ್ಲ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಉದ್ದದ ಪ್ರಾರ್ಥನೆ ಬೇಡ, 'ಕರ್ತನೇ, ಕಾಪಾಡು' ಸಾಕು. ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನು ಇದಕ್ಕಿಂತ ಹೆಚ್ಚು ಹೇಳಲಿಲ್ಲ. ಆಮೇಲೆ ಸ್ನೇಹಿತನಿಗೆ ಫೋನ್ ಮಾಡಿ, ಜನ ಇರುವ ಕಡೆ ಹೋಗಿ, ನಡೆಯಿರಿ.

ಯಾವಾಗಲೂ ರಾತ್ರಿ ಹೊತ್ತು, ಇಲ್ಲವೇ ಬೇಸರ ಆದಾಗಲೇ ಯಾಕೆ ಬೀಳುತ್ತೇನೆ?

ಒಂದು ತಿಂಗಳು ಬಿದ್ದ ಪ್ರತಿ ಸಲವೂ ಬರೆದಿಡಿ: ಎಷ್ಟು ಹೊತ್ತು, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು. ಬರೆದವರೆಲ್ಲರಿಗೂ ಒಂದು ನಕ್ಷೆ ಸಿಗುತ್ತದೆ. ಹಸಿವು, ಸಿಟ್ಟು, ಒಂಟಿತನ, ಆಯಾಸ ಇವು ನಾಲ್ಕರಲ್ಲಿ ಒಂದಾದರೂ ಅಲ್ಲಿರುತ್ತದೆ. ನನ್ನದರಲ್ಲಿ ಸಿಟ್ಟು ಇತ್ತು, ಅದೂ ಯಾರ ಮುಂದೆಯೂ ತೋರಿಸಲಾಗದ ಸಿಟ್ಟು. ಕಾಮದ ಸಮಸ್ಯೆ ಎಂದುಕೊಂಡಿದ್ದೆ. ಅವಮಾನ ನುಂಗಿದ ದಿನವೇ ಬೀಳುತ್ತೇನೆಂದು ಬರೆದಮೇಲೆ ಕಂಡಿತು.

4ನೆಯ ಶತಮಾನದ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳ ಪಟ್ಟಿ ಮಾಡಿದ. ಕಾಮವೂ ಅದರಲ್ಲಿದೆ, ಆದರೆ ಎಲ್ಲಕ್ಕಿಂತ ಭಾರವಾದದ್ದೆಂದು ಅವನು ಹೇಳಿದ್ದು ಅಕೇಡಿಯಾವನ್ನು: ನಡುಹಗಲಲ್ಲಿ ಬರುವ ಜಡ್ಡು, ಹೊತ್ತೇ ಸರಿಯುತ್ತಿಲ್ಲ ಎಂಬ ಬೇಸರ, ಕೋಣೆ ಬಿಟ್ಟು ಎಲ್ಲಿಗಾದರೂ ಹೋಗಬೇಕೆಂಬ ಚಡಪಡಿಕೆ. ಈಗ ಕೋಣೆ ಬಿಡುವ ಅಗತ್ಯವೇ ಇಲ್ಲ, ಬೆರಳು ಸರಿಸಿದರೆ ಸಾಕು.

ಎಲೀಯನು ಸಾಯಬೇಕೆಂದು ಮರದ ಕೆಳಗೆ ಮಲಗಿದಾಗ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ನಿದ್ದೆ ಮಾಡಲು ಬಿಟ್ಟ, ಅದೂ ಎರಡು ಸಲ (1 ಅರಸುಗಳು 19). ಸರಿಯಾಗಿ ನಿದ್ದೆ ಮಾಡುವುದು ಆತ್ಮಿಕ ಕೆಲಸವಲ್ಲ ಎನ್ನುವವರು ಆ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

40 ದಿನ ಚೆನ್ನಾಗಿದ್ದೆ, ನಿನ್ನೆ ಬಿದ್ದೆ. ಮತ್ತೆ ಸೊನ್ನೆಯಿಂದ ಶುರುಮಾಡಬೇಕಾ?

40 ದಿನ ನೀವು ಕಲಿತದ್ದನ್ನು ಒಂದು ರಾತ್ರಿ ಅಳಿಸಲಾರದು. ನಿಜವಾದ ಅಪಾಯ ಬಿದ್ದ ಮರುದಿನದ್ದು: 'ಹೇಗೂ ಕೆಟ್ಟೆ, ಈ ವಾರ ಪೂರ್ತಿ ನೋಡಿ ಸೋಮವಾರದಿಂದ ಸರಿಹೋಗುತ್ತೇನೆ'. ಒಂದು ಮೆಟ್ಟಿಲು ಜಾರಿದವನು ಉಳಿದ ಮೆಟ್ಟಿಲುಗಳನ್ನೂ ಉರುಳಬೇಕಿಲ್ಲ. ನೀತಿವಂತನು ಏಳು ಸಾರಿ ಬಿದ್ದರೂ ಏಳುವನು ಎನ್ನುತ್ತದೆ ಜ್ಞಾನೋಕ್ತಿ 24:16. ಅದೇ ದಿನ, 24 ಗಂಟೆಯ ಒಳಗೆ, ನಿಮ್ಮ ಸ್ನೇಹಿತನಿಗೆ ಹೇಳಿ.

ದಿನಗಳನ್ನು ಎಣಿಸುವ ಆಪ್‌ಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಸಂಖ್ಯೆ ಬೆಳೆದಂತೆ ಹೆಮ್ಮೆ ಬೆಳೆಯುತ್ತದೆ, ಮುರಿದಾಗ ಸುಳ್ಳು ಹೇಳುವ ಆಸೆಯೂ ಬರುತ್ತದೆ.

## ಕಷ್ಟದ ಪ್ರಶ್ನೆಗಳು

ಮದುವೆಯಾದರೆ ತಾನಾಗೇ ಸರಿಹೋಗುತ್ತಾ?

ಇಲ್ಲ. ಮೊದಲ ಕೆಲವು ತಿಂಗಳು ಹೋದ ಹಾಗೆ ಕಾಣಬಹುದು. ಪರದೆಯ ಮೇಲಿನವರು ಏನನ್ನೂ ಕೇಳುವುದಿಲ್ಲ, ಸುಸ್ತಾಗುವುದಿಲ್ಲ, ಬೇಡ ಎನ್ನುವುದಿಲ್ಲ. ಹೆಂಡತಿ ಮನುಷ್ಯಳು. ಚಟವನ್ನು ಗುಣಪಡಿಸುವ ಔಷಧಿಯೆಂದು ಒಬ್ಬಳನ್ನು ಮನೆಗೆ ತರುವುದು ಆಕೆಗೆ ಮಾಡುವ ಅನ್ಯಾಯ. ಮದುವೆ ನಿಶ್ಚಯವಾಗುವ ಮೊದಲೇ ಈ ವಿಷಯ ಆಕೆಗೆ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ, ಒಪ್ಪದ ಹಿರಿಯರಿದ್ದಾರೆ.

ಹೆಂಡತಿಗೆ ಹೇಳಲೇಬೇಕಾ? ಗೊತ್ತಾದರೆ ಮನೆ ಮುರಿಯುತ್ತೆ.

ಬಹುಪಾಲು ಹೆಂಡತಿಯರಿಗೆ ಏನೋ ಇದೆಯೆಂದು ಆಗಲೇ ಗೊತ್ತಿರುತ್ತದೆ, ಏನೆಂದು ಗೊತ್ತಿರುವುದಿಲ್ಲ. ಹೇಳಬೇಕು. ಆದರೆ ರಾತ್ರಿ 11 ಗಂಟೆಗೆ ತಪ್ಪಿತಸ್ಥ ಭಾವ ತಡೆಯಲಾರದೆ ಆಕೆಯ ಮೇಲೆ ಸುರಿದು, ತಾನು ಹಗುರಾಗಿ ನಿದ್ದೆಹೋಗುವುದು ಅರಿಕೆ ಅಲ್ಲ. ಮೊದಲು ಇನ್ನೊಬ್ಬ ನಂಬಿಗಸ್ತರಿಗೆ ಹೇಳಿ, ನಿಲ್ಲಿಸಲು ಏನು ಮಾಡುತ್ತೀರೆಂದು ಸಿದ್ಧಪಡಿಸಿಕೊಳ್ಳಿ. ಆಮೇಲೆ ಪೂರ್ತಿ ಹೇಳಿ, ಒಂದೇ ಸಲಕ್ಕೆ. ಇಂದು ಸ್ವಲ್ಪ, ಸಿಕ್ಕಿಬಿದ್ದಾಗ ಇನ್ನು ಸ್ವಲ್ಪ ಎಂದು ತುಣುಕು ತುಣುಕಾಗಿ ಬಂದ ಸತ್ಯ ಪ್ರತಿ ಸಲವೂ ಹೊಸ ಗಾಯ ಮಾಡುತ್ತದೆ. ಆಮೇಲೆ ಆಕೆಗೆ ಅಳಲು, ಕೂಗಲು, ಮಾತು ಬಿಡಲು ಹಕ್ಕಿದೆ. 'ಕ್ಷಮಿಸಬೇಕು ಎಂದು ಬೈಬಲ್ ಹೇಳುತ್ತದೆ' ಎಂದು ನೆನಪಿಸುವ ಕೆಲಸ ನಿಮ್ಮದಲ್ಲ.

ಗಂಡನ ಫೋನಿನಲ್ಲಿ ಕಂಡೆ. ನಾನು ಚೆನ್ನಾಗಿಲ್ಲ ಅಂತಲಾ? ನನ್ನದೇ ಏನಾದರೂ ತಪ್ಪಾ?

ಅಲ್ಲ, ಅಕ್ಕಾ. ನಿಮ್ಮನ್ನು ನೋಡುವುದಕ್ಕೆ ಮುಂಚೆಯೇ, ಎಷ್ಟೋ ಸಲ ಹುಡುಗನಾಗಿದ್ದಾಗಲೇ, ಇದು ಶುರುವಾಗಿರುತ್ತದೆ. 'ನೀನು ಗಂಡನನ್ನು ಸರಿಯಾಗಿ ನೋಡಿಕೊಂಡಿದ್ದರೆ' ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಹಿರಿಯರಾದರೂ ಕಿವಿಗೊಡಬೇಡಿ. ಗಂಡನ ಪೊಲೀಸ್ ಆಗುವ ಕೆಲಸವನ್ನೂ ಹೊತ್ತುಕೊಳ್ಳಬೇಡಿ. ದಿನಾ ಫೋನ್ ತಪಾಸಣೆ ಮಾಡುವುದು ನಿಮ್ಮನ್ನು ಸವೆಸುತ್ತದೆ. ಅದಕ್ಕೆ ಬೇರೊಬ್ಬ ಗಂಡಸು ಇರಲಿ. ನಿಮ್ಮ ನೋವನ್ನು ಹೇಳಿಕೊಳ್ಳಲು ನಿಮಗೂ ಒಬ್ಬರು ಬೇಕು.

ನಾನು ಹೆಂಗಸು. ಇದು ಗಂಡಸರ ಪಾಪ ಅಂತಾರೆ. ನನ್ನಂಥವರು ಇದ್ದಾರಾ?

ಇದ್ದಾರೆ, ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಪುರುಷರ ಕೂಟಗಳಲ್ಲಿ ಮಾತ್ರ ಈ ವಿಷಯ ಎತ್ತುವುದರಿಂದ ಹೆಂಗಸರಿಗೆ ನಾಚಿಕೆ ಎರಡು ಪಟ್ಟು: ಪಾಪದ ನಾಚಿಕೆ ಒಂದು, 'ಹೆಂಗಸಾಗಿ ಹೀಗಾ' ಎಂಬುದು ಇನ್ನೊಂದು. ಎರಡನೆಯದು ದೇವರಿಂದ ಬಂದದ್ದಲ್ಲ. ವಿಡಿಯೊಗಿಂತ ಕಾಮದ ಕಥೆಗಳಿಗೆ, ಚಾಟ್‌ಗಳಿಗೆ ಸಿಕ್ಕಿಕೊಂಡವರೂ ಇದ್ದಾರೆ, ದಾರಿ ಅದೇ.

ಹಸ್ತಮೈಥುನ ಕೂಡ ಪಾಪವಾ?

ಸತ್ಯವೇದದಲ್ಲಿ ಇದರ ಬಗ್ಗೆ ನೇರ ವಚನ ಇಲ್ಲ. ಆದಿಕಾಂಡ 38ರ ಓನಾನನ ಕಥೆಯನ್ನು ಕೆಲವರು ತೋರಿಸುತ್ತಾರೆ. ಅದು ಸತ್ತ ಅಣ್ಣನ ವಂಶ ಉಳಿಸುವ ಕರ್ತವ್ಯದಿಂದ ತಪ್ಪಿಸಿಕೊಂಡವನ ಕಥೆ. ಕಥೋಲಿಕ ಸಭೆಯ ಬೋಧನೆ ಇದನ್ನು ಗಂಭೀರ ತಪ್ಪೆಂದೇ ಹೇಳುತ್ತದೆ, ಜೊತೆಗೆ ವಯಸ್ಸು, ಅಭ್ಯಾಸದ ಬಲ, ಮಾನಸಿಕ ಸ್ಥಿತಿಗಳಿಂದ ಹೊಣೆ ಕಡಿಮೆಯಾಗಬಹುದೆಂದೂ ಹೇಳುತ್ತದೆ. ಪ್ರೊಟೆಸ್ಟಂಟರಲ್ಲಿ ಒಮ್ಮತ ಇಲ್ಲ. ಚಟದಿಂದ ಹೊರಬರುತ್ತಿರುವವರಿಗೆ ನನ್ನ ಸಲಹೆ ವ್ಯಾವಹಾರಿಕವಾದದ್ದು: ನಿಮ್ಮಲ್ಲಿ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಕಷ್ಟ.

ನಾನು ಆರಾಧನೆ ನಡೆಸುವವನು. ಸೇವೆ ಬಿಡಬೇಕಾ? ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳಬಹುದಾ?

ಸೇವೆಯ ನಿರ್ಣಯ ನೀವೊಬ್ಬರೇ ಮಾಡಬೇಡಿ, ಹಿರಿಯರಲ್ಲಿ ಒಬ್ಬರ ಜೊತೆ ಮಾಡಿ. ಕೆಲವು ತಿಂಗಳು ಹಿಂದಿನ ಸಾಲಿನಲ್ಲಿ ಕೂತದ್ದು ನನಗೆ ಒಳ್ಳೆಯದೇ ಆಯಿತು. ಮುಖವಾಡ ಹಾಕಿಕೊಳ್ಳುವ ಕಾರಣವೇ ಇರಲಿಲ್ಲ. ಮಕ್ಕಳ ಮಧ್ಯೆ, ಆಪ್ತಸಲಹೆಯಲ್ಲಿ ಸೇವೆ ಮಾಡುವವರು ತಡಮಾಡದೆ ಹೇಳಿ ಪಕ್ಕಕ್ಕೆ ಸರಿಯಬೇಕು.

ಭೋಜನದ ವಿಷಯಕ್ಕೆ ಬಂದರೆ, 'ತನ್ನನ್ನು ಪರೀಕ್ಷಿಸಿಕೊಂಡವನಾಗಿ ಆ ರೊಟ್ಟಿಯನ್ನು ತಿನ್ನಲಿ' ಎಂದು ಪೌಲನು ಬರೆದ (1 ಕೊರಿಂಥ 11:28). ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದು ಬರೆಯಲಿಲ್ಲ. ಕಥೋಲಿಕರು ಮೊದಲು ಪಾಪನಿವೇದನೆಗೆ ಹೋಗಬೇಕು, ಅದು ಅವರ ಸಭೆಯ ಕ್ರಮ.

ಇದು ದುರಾತ್ಮದ ಕಾಟ, ಬಿಡುಗಡೆಯ ಪ್ರಾರ್ಥನೆ ಮಾಡಿಸಿದರೆ ಹೋಗುತ್ತೆ ಅಂತಾರೆ.

ಪ್ರಾರ್ಥನೆ ಮಾಡಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಲೂಕ 11:24-26 ಓದಿಕೊಂಡು ಹೋಗಿ. ಬಿಟ್ಟುಹೋದ ದುರಾತ್ಮ ತಿರುಗಿ ಬಂದಾಗ ಮನೆ ಗುಡಿಸಿ ಚೊಕ್ಕಟವಾಗಿತ್ತು, ಅದು ತನಗಿಂತ ಕೆಟ್ಟ ಏಳು ದುರಾತ್ಮಗಳನ್ನು ಕರೆತಂದಿತು. ಬಿಡುಗಡೆಯ ಕೂಟದ ಮರುದಿನ ರಾತ್ರಿ 11 ಗಂಟೆಗೆ ಆ ಮನೆಯಲ್ಲಿ ಯಾರಿರುತ್ತಾರೆ, ಏನು ನಡೆದಿರುತ್ತದೆ ಎಂಬುದನ್ನು ಮೊದಲೇ ಯೋಚಿಸಿಡಿ. ಎಲ್ಲವನ್ನೂ ದುರಾತ್ಮದ ತಲೆಗೆ ಕಟ್ಟಿದರೆ ನಮ್ಮ ಕೈ ಮಾಡಿದ್ದಕ್ಕೆ ನಾವು ಹೊಣೆಯಾಗುವುದೂ ತಪ್ಪುತ್ತದೆ.

ವೈದ್ಯರ ಹತ್ತಿರ ಹೋಗೋದು ವಿಶ್ವಾಸ ಇಲ್ಲದ ಹಾಗಾಗುತ್ತಾ?

ಸುವಾರ್ತೆ ಬರೆದ ಲೂಕನೇ ವೈದ್ಯ. ಚಿಕ್ಕಂದಿನಲ್ಲಿ ಯಾರಿಂದಲಾದರೂ ಲೈಂಗಿಕ ದೌರ್ಜನ್ಯ ಆಗಿದ್ದರೆ, ಖಿನ್ನತೆ ಇದ್ದರೆ, ಒಂದು ವರ್ಷ ಮೇಲಿನದ್ದೆಲ್ಲ ಮಾಡಿಯೂ ಏನೂ ಬದಲಾಗದಿದ್ದರೆ ಮನಃಶಾಸ್ತ್ರಜ್ಞರನ್ನೋ ಮನೋವೈದ್ಯರನ್ನೋ ನೋಡಿ. ಯೋಚನೆ ಮತ್ತು ನಡವಳಿಕೆಯ ಸರಪಳಿಯನ್ನು ಬಿಡಿಸಿ ತೋರಿಸುವ ಚಿಕಿತ್ಸೆಗಳು ಅನೇಕರಿಗೆ ನೆರವಾಗಿವೆ. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ.

ಇನ್ನೊಂದು ಮಾತನ್ನು ಮುಲಾಜಿಲ್ಲದೆ ಹೇಳುತ್ತೇನೆ. ನೋಡುತ್ತಿರುವುದರಲ್ಲಿ ಮಕ್ಕಳಿದ್ದರೆ ಅದು ಗುಟ್ಟಾದ ದೌರ್ಬಲ್ಯವಲ್ಲ, ಮಗುವಿನ ಮೇಲೆ ನಡೆದ ಅಪರಾಧದ ದಾಖಲೆ. ಅದನ್ನು ನೋಡುವುದು, ಇಟ್ಟುಕೊಳ್ಳುವುದು ಹೆಚ್ಚಿನ ದೇಶಗಳಲ್ಲಿ ಶಿಕ್ಷಾರ್ಹ. ಇವತ್ತೇ ನಿಲ್ಲಿಸಿ, ಮಕ್ಕಳಿಂದ ದೂರ ಇರಿ, ತಜ್ಞರ ಬಳಿ ಹೋಗಿ. ಇದನ್ನು ಪ್ರಾರ್ಥನೆಯಲ್ಲಿ ಮುಗಿಸಿ ಮುಚ್ಚಿಹಾಕುವ ಪಾಸ್ಟರ್ ಒಂದು ಮಗುವಿಗೆ ದ್ರೋಹ ಮಾಡುತ್ತಿದ್ದಾನೆ.

ಪೂರ್ತಿ ಬಿಡುಗಡೆ ಅನ್ನೋದು ಇದೆಯಾ? ಇಲ್ಲಾ ಸಾಯುವ ತನಕ ಹೀಗೇ ಕಾದಾಡೋದಾ?

ಆಗಸ್ಟೀನನು ಮಿಲಾನಿನ ತೋಟದಿಂದ ಎದ್ದು ಹತ್ತು ವರ್ಷಗಳ ಮೇಲೆ, ಬಿಷಪ್ ಆಗಿದ್ದಾಗ, ಹಳೆಯ ಚಿತ್ರಗಳು ಈಗಲೂ ಕನಸಿನಲ್ಲಿ ಬರುತ್ತವೆ ಎಂದು ನಾಚದೆ ಬರೆದ. ಎಚ್ಚರವಿದ್ದಾಗ ಅವಕ್ಕೆ ಬಲವಿಲ್ಲ, ನಿದ್ದೆಯಲ್ಲಿ ಇದೆ ಎಂದು ದೇವರ ಮುಂದೆ ದುಃಖಪಟ್ಟ. ನನಗೆ ಇದು ಹೆದರಿಕೆ ಹುಟ್ಟಿಸುವುದಿಲ್ಲ, ಜೊತೆ ಸಿಕ್ಕಂತಾಗುತ್ತದೆ.

ನನ್ನ ಮಟ್ಟಿಗೆ, ದಿನವೂ ಎಳೆಯುತ್ತಿದ್ದದ್ದು ವಾರಕ್ಕೆ ಬಂತು, ಆಮೇಲೆ ಅಪರೂಪವಾಯಿತು. ಈಗ ತಿಂಗಳುಗಟ್ಟಲೆ ನೆನಪೇ ಇರುವುದಿಲ್ಲ. ಆದರೂ ಕೆಲಸದ ಮೇಲೆ ಹೋಗಿ ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಬಾಗಿಲು ಹಾಕಿಕೊಂಡಾಗ ಒಳಗೆ ಏನೋ ಅಲುಗುತ್ತದೆ. ಬ್ಯಾಗ್ ಇಳಿಸುವ ಮೊದಲೇ ಒಬ್ಬ ಗೆಳೆಯನಿಗೆ 'ಕೋಣೆಗೆ ಬಂದೆ' ಎಂದು ಮೆಸೇಜ್ ಕಳಿಸುತ್ತೇನೆ. ಅದರ ಅರ್ಥ ಅವನಿಗೆ ಗೊತ್ತು. 'ಸರಿ, ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ಕೇಳ್ತೀನಿ' ಎಂದು ಉತ್ತರ ಬರುತ್ತದೆ. ಆರಕ್ಕೆ ಫೋನ್ ಬಂದೇ ಬರುತ್ತದೆ.